ಬ್ಲಾಕ್ ಸಿ, ಐದನೇ ಮಹಡಿ

ನೈರೋಬಿಯ ಈ ಪಾರ್ಕಿನಲ್ಲಿ
ಇಪ್ಪತ್ತೆರಡು ವರ್ಷ ಫೋಟೊ ತೆಗೆದವನು ನಾನು.
ಜಕರಂಡಾ ಉದುರುವ ಅಕ್ಟೋಬರಿನಲ್ಲಿ ಹತ್ತು ಶಿಲ್ಲಿಂಗ್ ಹೆಚ್ಚು;
ಅದು ನೇರಳೆ ನೆಲದ ಬಾಡಿಗೆ, ನನ್ನ ಕೈಚಳಕದ್ದಲ್ಲ.

ಮಧ್ಯಾಹ್ನ ಒಂದಕ್ಕೆ ಕೆಲಸ ಸಿಗದವರು ಬಂದು
ಸರ್ಟಿಫಿಕೇಟಿನ ಫೈಲು ತಲೆಯಡಿಗಿಟ್ಟು ಮಲಗುತ್ತಾರೆ.
ಹಾಸಿಗೆ ಇದ್ದಷ್ಟು ಕಾಲು ಚಾಚು, ಸರಿ;
ಕಾಲು ಪೂರ್ತಿ ಚಾಚುವಷ್ಟು ಹಾಸಿಗೆ
ಇಡೀ ಊರಿಗೆ ಇದೊಂದೇ, ಈ ಹುಲ್ಲು.
ಅವರ ನಡುವೆ ಹೆಜ್ಜೆ ಆರಿಸುತ್ತ ಮುಯಿಂಡೆ
ಬೇಯಿಸಿದ ಮೊಟ್ಟೆ ಉದ್ದಕ್ಕೆ ಸೀಳಿ
ಈರುಳ್ಳಿ ಟೊಮೇಟೊ ತುಂಬಿ ಮಾರುತ್ತಾನೆ,
ಕೂಗದೆ, ಯಾರನ್ನೂ ಎಬ್ಬಿಸದೆ.

ಈಗ ಅರ್ಧ ಪಾರ್ಕಿಗೆ ತಗಡಿನ ಬೇಲಿ.
ಕಟ್ಟುವುದು ಮಾಲ್ ಆಗಿದ್ದರೆ ಬೈಯುವುದು ಸುಲಭವಿತ್ತು.
ಮನೆಗಳು. ನಾನೂರ ಎಂಬತ್ತು. ನಮ್ಮಂಥವರಿಗೇ.

ಸಭೆಯಲ್ಲಿ ನಾನೂ ಮೈಕು ಹಿಡಿದೆ.
ಮರ ಉಳಿಯಬೇಕು ಎಂದೆ. ಚಪ್ಪಾಳೆ ಬಿತ್ತು.
ಹಿಂದಿನ ಸಾಲಿನಲ್ಲಿ ಕೆಮುಂಟೊ ಕೈ ಕಟ್ಟಿ ಕೂತಿದ್ದಳು.
ಹನ್ನೊಂದು ಮನೆಗೆ ಒಂದೇ ನಲ್ಲಿ,
ಹತ್ತೊಂಬತ್ತು ವರ್ಷ ಆ ಸಾಲಿನಲ್ಲಿ ಕ್ಯಾನು ಹಿಡಿದು ನಿಂತವಳು.
ಮನೆ ಲಾಟರಿಯ ಅರ್ಜಿಗೆ
ನನ್ನ ಮುಖವನ್ನು ಗೋಂದು ಹಚ್ಚಿ ಅಂಟಿಸಿದವಳೂ ಅವಳೇ.

ಸೋಮವಾರ ಚೀಟಿ ಬಂತು:
ಬ್ಲಾಕ್ ಸಿ, ಐದನೇ ಮಹಡಿ.
ಮೂರು ಸಲ ಓದಿಸಿಕೊಂಡಳು,
ಮಡಚಿ ಜೋಳದ ಹಿಟ್ಟಿನ ಡಬ್ಬಿಯೊಳಗಿಟ್ಟಳು.

ಇವತ್ತು ಬೇಲಿಯ ಸಂದಿಯಲ್ಲಿ ಕಣ್ಣಿಟ್ಟೆ.
ಸಿ ಎಂದು ಸುಣ್ಣ ಎಳೆದದ್ದು
ನಾನು ಜನರನ್ನು ನಿಲ್ಲಿಸುತ್ತಿದ್ದ ಅತ್ತಿಮರದ ಬುಡಕ್ಕೆ.
ಸ್ವಲ್ಪ ಎಡಕ್ಕೆ, ಗಲ್ಲ ಮೇಲೆ, ಹಾಂ—
ಎಷ್ಟು ಮದುವೆ, ಎಷ್ಟು ಪದವಿ,
ಕೆಲಸ ಸಿಕ್ಕಿದೆ ಎಂದು ಅವ್ವನಿಗೆ ಕಳಿಸಲು
ಎರವಲು ಕೋಟು ತೊಟ್ಟು ನಿಂತ ಹುಡುಗ.
ಕೋಟು ನನ್ನದು. ಕೆಲಸ ಇರಲಿಲ್ಲ.

ಮಹಡಿಗೆ ಒಂಬತ್ತಡಿಯಂತೆ ಕಣ್ಣಲ್ಲೇ ಅಳೆದೆ.
ಐದನೆಯದು ಸರಿಯಾಗಿ ಬರುತ್ತದೆ
ಮರಬೂ ಕೊಕ್ಕರೆಯ ಕೊಂಬೆಗೆ.
ಬೋಳುತಲೆ, ಕೊರಳಲ್ಲಿ ಜೋಲುಚೀಲ,
ಕಸ ಕೆದಕಿ ಬದುಕುವ ಆ ಕುರೂಪಿಯನ್ನು
ಒಂದು ದಿನವೂ ಫ್ರೇಮಿನೊಳಗೆ ಬಿಟ್ಟುಕೊಂಡವನಲ್ಲ.

ಒಂಟಿ ಕಾಲಲ್ಲಿ ನಿಂತಿತ್ತು,
ಹೆಚ್ಚುಕಡಿಮೆ ನಮ್ಮ ಒಲೆ ಇರುವಲ್ಲಿ.
ಕ್ಯಾಮೆರಾ ಎತ್ತಿದೆ.
ಸ್ವಲ್ಪ ಎಡಕ್ಕೆ, ಎಂದೆ.
ಅದು ಕದಲಲಿಲ್ಲ.