ಝಡ್ ಡ್ರೈವು, ಅಮ್ಮತ್ತಿ

ಕಾಫಿ ಗೋಡೌನಿನ ಆಫೀಸಿಂದ ಫೋನು:
'ಝಡ್ ತೆರೆಯುವುದೂ ಇಲ್ಲ, ತೊಲಗುವುದೂ ಇಲ್ಲ.'
ಬೋಜಮ್ಮನವರ ಮಾತೇ ಹೀಗೆ,
ಲೆಡ್ಜರಿನ ಹಾಗೆ ಎರಡೂ ಕಡೆ ಕೂಡಿ ಬರಬೇಕು.

ಹೋದೆ. ಕಣದಲ್ಲಿ ಪಾರ್ಚ್‌ಮೆಂಟ್ ಹರವಿದ್ದರು,
ರೇಕು ಎಳೆಯುವ ಸದ್ದು ಕಿಟಕಿಯವರೆಗೂ ಬರುತ್ತಿತ್ತು.
ಪರದೆಯಲ್ಲಿ ಝಡ್‌ನ ಮೈಮೇಲೆ ಕೆಂಪು ಇಂಟು ಮಾರ್ಕು.
ಒತ್ತಿದರೆ ನೀಲಿ ಉಂಗುರ ತಿರುಗತೊಡಗುತ್ತದೆ,
ಇಡೀ ಯಂತ್ರ ಉಸಿರು ಹಿಡಿದು ಕೂರುತ್ತದೆ.
'ದಿನಾ ಬೆಳಿಗ್ಗೆ ಎರಡು ನಿಮಿಷ' ಎಂದರು,
'ಗಡಿಯಾರ ಇಟ್ಟು ನೋಡಿದ್ದೇನೆ.'

ಕೇಬಲ್ ಕಿತ್ತು ಮತ್ತೆ ಚುಚ್ಚಿದೆ. ಪಿಂಗ್ ಮಾಡಿದೆ.
ಓಗೊಡಲಿಲ್ಲ ಯಾರೂ.
ಸಂಪರ್ಕ ಕಡಿ ಅಂದೆ:
ಅಂಥ ಸಂಪರ್ಕವೇ ಇಲ್ಲ ಅಂತು.
ಹಾಗಾದರೆ ಝಡ್ ಅಕ್ಷರ ಬೇರೆಯದಕ್ಕೆ ಕೊಡು ಅಂದೆ:
ಅದು ಆಗಲೇ ಬಳಕೆಯಲ್ಲಿದೆ ಅಂತು.
ಜಮ್ಮಾ ಬಾಣೆಯ ಪಹಣಿ ತಿದ್ದಿಸಲು
ನಾಲ್ಕು ವರ್ಷ ಇಂಥದೇ ಉತ್ತರ ಕೇಳಿದವನು ನಾನು,
ಸಿಟ್ಟು ಬರಲಿಲ್ಲ.

ಕಪ್ಪು ಕಿಟಕಿ ತೆರೆದು ನೆಟ್ ಯೂಸ್ ಬರೆದೆ: ಪಟ್ಟಿ ಖಾಲಿ.
ಕೊನೆಗೆ ರಿಜಿಸ್ಟ್ರಿಗೆ ಇಳಿದೆ,
ಅಟ್ಟ ಹತ್ತಿದ ಹಾಗೆ, ತಲೆ ತಗ್ಗಿಸಿ.
ಅಲ್ಲಿ ಬರೆದಿತ್ತು ಝಡ್ ಹುಡುಕುತ್ತಿದ್ದ ವಿಳಾಸ:
ತೂಕದ ಕೋಣೆಯ ಕಂಪ್ಯೂಟರು. ಅದರೊಳಗೆ ತೂಕ ಎಂಬ ಫೋಲ್ಡರು.
ಬಳಕೆದಾರ: ಉತ್ತಯ್ಯ.

ಬೋಜಮ್ಮ ಕನ್ನಡಕ ತೆಗೆದು ಒರೆಸಿದರು.
ತೂಕದ ಕೋಣೆ ಕೆಡವಿ ಮೂರು ವರ್ಷ.
ಅಲ್ಲೀಗ ಮ್ಯಾನೇಜರ್ ಜೀಪು ನಿಲ್ಲುತ್ತದೆ.
ಉತ್ತಯ್ಯನನ್ನು ಅದಕ್ಕೂ ಮುಂಚೆ ಕಳಿಸಿದ್ದರು,
ಹನ್ನೊಂದು ಚೀಲ ಕರಿಮೆಣಸಿನ ಲೆಕ್ಕ ಸಿಗಲಿಲ್ಲವೆಂದು.
ಆಮೇಲೆ ಸಿಕ್ಕಿತು.
ಯಾರೂ ಹೋಗಿ ಹೇಳಲಿಲ್ಲ.
ಈಗ ಸುಂಟಿಕೊಪ್ಪದಲ್ಲಿ ಟೈರಿಗೆ ಪಂಕ್ಚರ್ ಹಾಕುತ್ತಾನಂತೆ.

ಅಂದರೆ ದಿನಾ ಒಂಬತ್ತೂವರೆಗೆ
ಅವನ ಹೆಸರು ಹೇಳಿಕೊಂಡು, ಅವನ ಪಾಸ್‌ವರ್ಡ್ ಹಿಡಿದುಕೊಂಡು
ಇದು ಜೀಪು ನಿಲ್ಲುವ ಜಾಗಕ್ಕೆ ಹೋಗಿ ಕದ ತಟ್ಟುತ್ತಿತ್ತು,
ಎರಡು ನಿಮಿಷ ಕಾದು
ಮರಳುತ್ತಿತ್ತು.

ಉಳಿದದ್ದು ನನ್ನ ಕಸುಬು.
ಉಳಿಸಿಟ್ಟ ಪಾಸ್‌ವರ್ಡುಗಳಿಂದ ಅವನ ಸಾಲು ಅಳಿಸಿದೆ,
ರಿಜಿಸ್ಟ್ರಿಯಿಂದ ಝಡ್ ಬುಡಸಮೇತ ಕಿತ್ತೆ,
ಎಕ್ಸ್‌ಪ್ಲೋರರ್ ಕೊಂದು ಎಬ್ಬಿಸಿದೆ.
ಪರದೆ ಬೋಳಾಯಿತು. ಐಕಾನುಗಳು ಒಂದೊಂದೇ ಬಂದು
ತಂತಮ್ಮ ಜಾಗದಲ್ಲಿ ಕೂತವು.
ಝಡ್ ಬರಲಿಲ್ಲ.

ಬೋಜಮ್ಮ ಕ್ಲಿಕ್ ಮಾಡಿದರು, ಮುಟ್ಟಿದ್ದೆಲ್ಲ ತಟ್ಟನೆ ತೆರೆಯಿತು.
ಖುಷಿಯಾದಂತೆ ಕಾಣಲಿಲ್ಲ.
ಮುನ್ನೂರೈವತ್ತರ ವೋಚರು ಎಳೆದುಕೊಂಡು
'ಏನು ರಿಪೇರಿ ಅಂತ ಬರೆಯಲಿ?' ಅಂದರು.
'ಹಳೆ ಸಂಪರ್ಕ ತೆಗೆದದ್ದು.'
ಬರೆದರು. ಸಹಿ ಹಾಕಿಸಿಕೊಂಡರು.
ಆಮೇಲೆ ಕೆಳಗಿನ ಡ್ರಾಯರಿನಿಂದ ರಟ್ಟು ಹರಿದ ಡೈರಿ ತೆಗೆದು
ಅ, ಆ, ಇ ದಾಟಿ
ಉ ಪುಟದಲ್ಲಿ ಬೆರಳಿಟ್ಟರು.

ನಾನು ಹೆಲ್ಮೆಟ್ ಪಟ್ಟಿ ಬಿಗಿಯುವಾಗ
ಒಳಗೆ, ಸ್ಪೀಕರಿಗೆ ಹಾಕಿದ್ದರೋ ಏನೋ,
ಆ ಕಡೆ ರಿಂಗಾಗುವುದು ಕೇಳುತ್ತಿತ್ತು.