ಹೌದು ಎಂಬ ಮಾತು

ಜೂನ್ ತಿಂಗಳ ಎರಡನೆಯ ಭಾನುವಾರ ವಿಂಟ್ರಿಕ್ಕಿನಲ್ಲಿ
ಹದಿನೇಳು ಮನೆಯವರು ಹಿತ್ತಿಲ ಬಾಗಿಲು ತೆರೆದಿಡುತ್ತೇವೆ.
ಗೊತ್ತುಗುರಿಯಿಲ್ಲದವರು ಬಂದು ಗುಲಾಬಿ ಮೂಸಿ,
ಬಟಾಣಿ ಮಡಿ ಹೊಗಳಿ,
ತಂತಿಯ ಮೇಲಿನ ಒಳಬಟ್ಟೆಗಳನ್ನು ಕಾಣದವರ ಹಾಗೆ ದಾಟಿ
ಚಹಾ ಕುಡಿದು ಹೋಗುವ ದಿನ.
ಐದು ಪೌಂಡು, ಚರ್ಚಿನ ಚಾವಣಿಗೆ.
ನಾಯಿಗೆ ಟಿಕೆಟ್ಟಿಲ್ಲ, ಹಗ್ಗ ಬೇಕು.
ಗೇಟಿನಲ್ಲಿ ನಾನು. ತೊಡೆಯ ಮೇಲೆ ಬಿಸ್ಕತ್ತಿನ ಡಬ್ಬಿ, ಒಳಗೆ ಚಿಲ್ಲರೆ.

ಹನ್ನೊಂದನೆಯ ಹಿತ್ತಿಲು ಡಿಲಿಸ್ ಪ್ರೊಬರ್ಟಳದು,
ಸಾಣೆ ಅಂಗಡಿಯ ಬೆನ್ನಿಗೆ ನಾಲ್ಕು ಮಾರು ನೆಲ.
ಈ ಊರಿನ ಬೇಲಿಗತ್ತರಿ, ಕುಡುಗೋಲು
ಅವಳ ಕಲ್ಲಿಗೆ ಕಿಡಿ ಕೊಡದೆ ಬೇಸಿಗೆ ಕಾಣುವುದಿಲ್ಲ.
ಅಲಗು ಯಾವುದಿದ್ದರೂ ಹೆಬ್ಬೆರಳಲ್ಲಿ ಸವರಿ ನೋಡುವವಳು
ಒಂದು ಕಾಗದವನ್ನು ಮಾತ್ರ ಸವರಲಿಲ್ಲ.

ಮಾರ್ಚಿನಲ್ಲಿ ಫೋನು. ಬೆಣ್ಣೆ ಹಚ್ಚಿದ ದನಿ:
ನಿಮ್ಮೂರ ತೋಟದ ಹಬ್ಬಕ್ಕೆ ಕೈಪಿಡಿ ತರುತ್ತಿದ್ದೇವೆ,
ಐದು ಸಾವಿರ ಪ್ರತಿ, ನಿಮ್ಮ ಜಾಹೀರಾತು ನಕ್ಷೆಯ ಪಕ್ಕದಲ್ಲೇ.
ಡಿಲಿಸ್ ಅವರೇ ತಾನೆ? ಹೌದು.
ಅಂಗಡಿ ನಿಮ್ಮದೇ? ಹೌದು.
ಈ ವರ್ಷಕ್ಕೆ ನೂರಾ ನಲವತ್ತು, ಆಗಬಹುದಾ?
ಕಲ್ಲು ತಿರುಗುತ್ತಿತ್ತು, ಕೈಯಲ್ಲಿ ಯಾರದೋ ಕತ್ತರಿ.
ಹೌದು, ಅಂದಳು.

'ಈ ವರ್ಷ'ದೊಳಗೆ ಮೂರು ವರ್ಷ ಮಡಚಿಟ್ಟಿದ್ದರು.
ಬೇಡವಾದರೆ ತೊಂಬತ್ತು ದಿನ ಮುಂಚೆ ರಿಜಿಸ್ಟರ್ ಅಂಚೆ,
ತಪ್ಪಿದರೆ ತಾನಾಗಿ ಮತ್ತೆ ಮೂರು.
ಕಾಗದದ ಬೆನ್ನ ತುಂಬ ಇರುವೆ ಸಾಲು.
ಮೇ ನಡುವೆ ಕೈಪಿಡಿ ಬಂತು, ಒಂದೇ ಒಂದು.
ನಕ್ಷೆಯಲ್ಲಿ ನಮ್ಮದಲ್ಲದ ಹೊಳೆ.
ಅರವತ್ತು ಮೈಲಿ ಆಚೆಯ ಹೆಣದ ಪೆಟ್ಟಿಗೆಯವನ ಪಕ್ಕದಲ್ಲಿ
ಅವಳ ಅಂಗಡಿ, ಕೊನೆಯೆರಡು ಅಂಕಿ ಅದಲುಬದಲಾದ ನಂಬರಿನೊಂದಿಗೆ.
ಸಮಿತಿಗೆ ಇದೇನೂ ಗೊತ್ತಿರಲಿಲ್ಲ.
ಸಮಿತಿಯೆಂದರೆ ನಾನು, ಪಾದ್ರಿಯ ಹೆಂಡತಿ,
ಮತ್ತು ಬೀಗದ ಕೈ ಕಳೆದ ಒಂದು ಕಪಾಟು.

ಅವಳು ಫೋನಿನಲ್ಲಿ ಜಗಳಕ್ಕೆ ನಿಂತಾಗ
ಅವಳ ಹೌದುಗಳನ್ನೇ ಪೋಣಿಸಿ ಅವಳಿಗೆ ಕೇಳಿಸಿದರಂತೆ.
ದನಿ ನನ್ನದೇ, ಪ್ರಶ್ನೆಗಳು ಬೇರೆ, ಅಂದಳು.
ನಾನು ಕೇಳಿಲ್ಲ. ನಂಬುತ್ತೇನೆ.
ಹೆರೆಫರ್ಡಿನ ವಕೀಲ ಬಿಟ್ಟಿ ಅರ್ಧ ಗಂಟೆಯಲ್ಲಿ ಹೇಳಿದ್ದಿಷ್ಟು:
ಮನೆಗೆಂದು ಫೋನಿನಲ್ಲಿ ಕೊಂಡಿದ್ದರೆ ಮನಸ್ಸು ಬದಲಿಸಲು ಹದಿನಾಲ್ಕು ದಿನ,
ಅಂಗಡಿಗೆಂದು ಕೊಂಡರೆ ಒಂದು ಗಳಿಗೆಯೂ ಇಲ್ಲ.

ಆ ವಾರ ಆಂಬ್ರೋಸ್ ಗಿಟಿನ್ಸ್ ಅವಳ ಬೇಲಿಯಲ್ಲಿ ಬಗ್ಗಿ,
ಬಿಳಿ ತುತ್ತೂರಿ ಹೂವಿನ ಹಾಳು ಬಳ್ಳಿ ತೋರಿಸಿ ಅಂದ:
ಎಳೀಬೇಡ. ತುಂಡಾದ ಪ್ರತಿ ಬೇರೂ ಇನ್ನೊಂದು ಬಳ್ಳಿ.
ಕೋಲು ನೆಟ್ಟು ಬಿಡು, ಹತ್ತಲಿ,
ಎಲ್ಲಿಂದ ಎಲ್ಲಿಗೆ ಅಂತ ಮೊದಲು ಕಣ್ಣಿಗೆ ಬೀಳಲಿ.
ಅವನು ಕಳೆಯ ಮಾತು ಬಿಟ್ಟು ಬೇರೆ ಆಡುವವನಲ್ಲ.
ಆ ರಾತ್ರಿ ಅವಳು ಅಲಗಿನ ಮುಕ್ಕು ಹುಡುಕುವ ಭೂತಗನ್ನಡಿ ಹಿಡಿದು
ಇರುವೆಗಳನ್ನು ಒಂದೊಂದಾಗಿ ನೋಟ್‌ಬುಕ್ಕಿಗೆ ಇಳಿಸಿದಳು.
ಒಂಬತ್ತನೆಯ ಕಲಮು: 'ಪ್ರತಿಗಳನ್ನು ಊರಲ್ಲಿ ಹಂಚತಕ್ಕದ್ದು.'
ಐದು ಸಾವಿರ ಅಚ್ಚಾದ ಬಿಲ್ಲು ಕಳಿಸಿ, ಆಮೇಲೆ ಹಣದ ಮಾತು,
ಅಂತ ಬರೆದಳು. ಎರಡು ವಾರವಾಯಿತು.
ಅಂಚೆಯವನು ಬೀಜದ ಪಟ್ಟಿ ಮಾತ್ರ ತರುತ್ತಿದ್ದಾನೆ.

ಇವತ್ತು ನಕ್ಷೆ ಶಾಲೆಯ ಮಕ್ಕಳು ಕೈಯಲ್ಲಿ ಬರೆದದ್ದು.
ಹನ್ನೊಂದನೆಯ ಮನೆ ಚರ್ಚಿಗಿಂತ ದೊಡ್ಡದಾಗಿದೆ, ಯಾರೂ ತಿದ್ದಿಲ್ಲ.
ಜನ ಸಾಲುಗಟ್ಟಿ ಹೋಗಿ ಕೇಳುತ್ತಾರೆ,
ಇದೆಲ್ಲ ನೀವೇ ಬೆಳೆಸಿದ್ದಾ?
ಬೇರೆ ಯಾರು ಬೆಳೆಸ್ತಾರೆ, ಅನ್ನುತ್ತಾಳೆ.
ಕತ್ತರಿಗೂ ಸಾಣೆ ಹಿಡೀತೀರಾ?
ತನ್ನಿ, ನೋಡೋಣ.
ಮಾರ್ಚಿಯಿಂದೀಚೆಗೆ ಆ ಒಂದು ಮಾತು ಅವಳ ಬಾಯಲ್ಲಿಲ್ಲ.

ಸಂಜೆ ಡಬ್ಬಿ ಎಣಿಸುತ್ತಾ ಕೇಳಿದೆ,
ಡಿಲಿಸ್, ಬರುವ ವರ್ಷವೂ ಹಿತ್ತಿಲು ತೆರೀತೀಯಾ?
ಸುತ್ತ ನೋಡಿದಳು, ಬೇಲಿಗೂ ಕಿವಿಯಿದ್ದಂತೆ.
ಕೋಲಿನ ಮೇಲೆ ಬಳ್ಳಿ ತುದಿ ಮುಟ್ಟಿತ್ತು.
ತಲೆಯಾಡಿಸಿದಳು, ಒಂದೇ ಸಲ,
ಯಾವ ಟೇಪಿಗೂ ಕೇಳಿಸದ ಹಾಗೆ.