ಸೀನು

ಹೆಸರಿದ್ದ ಪುಟ ಹರಿದುಹೋಗಿತ್ತು.
ರಷ್ಯಾದವನು, ಅಷ್ಟು ಗೊತ್ತು. ಯಾವುದೋ ಊರಿನ ಕಚೇರಿಯಲ್ಲಿ
ಗುಮಾಸ್ತನಾಗಿದ್ದನಂತೆ, ನನ್ನ ಹಾಗೆ.
ಹಾಸನದ ಬಸ್ ಸ್ಟ್ಯಾಂಡಿನ ಹಿಂದೆ
ರದ್ದಿ ತೂಗುವವನ ತಕ್ಕಡಿಯಿಂದ ಎಂಟಾಣೆಗೆ ಎತ್ತಿಕೊಂಡೆ,
ಎಪ್ಪತ್ತಾರರ ಸಂಕ್ರಾಂತಿಯ ಹಿಂದಿನ ದಿನ.

ಕಥೆ ಇಷ್ಟು.
ಒಂದು ಪಟ್ಟಣ, ಅದಕ್ಕೊಬ್ಬ ಹೊಸ ಅಧಿಕಾರಿ.
ಬಂದವನೇ ಆಜ್ಞೆ ಹೊರಡಿಸಿದ: ಇವತ್ತಿನಿಂದ ಚಳಿಗಾಲ ರದ್ದು.
ಜನ ಕೋಟು ಬಿಚ್ಚಿ ಕೊಟ್ಟು ರಸೀದಿ ಪಡೆದರು.
ಬರಿ ಅಂಗಿಯಲ್ಲಿ ಹಿಮದಲ್ಲಿ ನಿಂತು "ಏನು ಸೆಖೆ!" ಅಂದರು.
ಸೆಟೆದು ಸತ್ತವರನ್ನು ಬಿಸಿಲಿಗೆ ಸತ್ತವರ ಲೆಕ್ಕಕ್ಕೆ ಬರೆದರು.
ಒಬ್ಬ ಮಾತ್ರ, ಬೀದಿದೀಪ ಹಚ್ಚುವ ಮುದುಕ, ಸೀನಿದ.
ಬೇಕಂತಲ್ಲ. ಬಂತು, ಸೀನಿದ.
ಅಷ್ಟಕ್ಕೇ ರಾಜದ್ರೋಹ.

ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಇನ್ನೂರ ಹದಿನಾರು ಹೆಂಗಸರು,
ಸೊಂಟಕ್ಕೆ ತಗಡಿನ ಟೋಕನ್ನು.
ಸೈರನ್ನು ಕೂಗಿದರೆ ಸಾಲಾಗಿ ಕಾಲು ಚಾಚಿ ಕೂತು
ಬೀಜ ಆರಿಸುವುದು. ಪೀಬೆರಿ ಒಂದು ಕಡೆ,
ಕಪ್ಪು, ಕಂದು, ಚೂರು ಎಲ್ಲ ಸೇರಿ ಬಿಬಿಬಿ.
ನಾನು ಬರೆಯುತ್ತಿದ್ದೆ: ೪೧, ಹನ್ನೆರಡು ಕಿಲೋ. ೪೨, ಹತ್ತು.
ಹೆಸರಿಗೆ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಓದಿ ಹೇಳಿದೆ,
ಇಂಗ್ಲಿಷಿನಿಂದ ಎಡವುತ್ತ ನಮ್ಮ ಮಾತಿಗೆ.
ಹಿಮ ಅಂದರೆ ಮಂಜು ಅಂದುಕೊಂಡಾರೆಂದು
'ಆಲಿಕಲ್ಲಿನ ಹಿಟ್ಟು' ಅಂದೆ.
ಹೆದರುವ ಕಥೆ ಅಂದುಕೊಂಡಿದ್ದೆ ನಾನು.
ಅವರು ನಕ್ಕರು, ತುತ್ತು ನೆತ್ತಿಗೇರುವ ಹಾಗೆ.
"ಆ ಅಧಿಕಾರಿ ನಮ್ಮ ಮೇಸ್ತ್ರಿಗೆ ಏನಾಗಬೇಕು?" ಫಿಲೋಮಿನಾ.
"ಮುದುಕ ಆಮೇಲೆ ಏನಾದ?" ರಹಮತ್‌ಬಿ.
ಮುಂದಿನ ಪುಟಗಳು ಕಡಲೇಕಾಯಿ ಪೊಟ್ಟಣವಾಗಿ ಹೋಗಿದ್ದವು.

ಮಾರ್ಚಿನಲ್ಲಿ ಮೇಲಿನಿಂದ ಯಾರೋ ಬರುವವರಿದ್ದರು.
ಗೋಡೆಗೆ ಸುಣ್ಣ, ಸುಣ್ಣದ ಮೇಲೆ ಬೋರ್ಡು:
ಈ ಗೋದಾಮಿನಲ್ಲಿ ಧೂಳಿಲ್ಲ.
ಬರೆದದ್ದು ನಾನೇ. ನೀಲಿ ಬಣ್ಣ, ದುಂಡಗಿನ ಅಕ್ಷರ.
ಬರೆಯುವಾಗ ಬಣ್ಣದ ಹಸಿಗೆ
ಒಣಸಿಪ್ಪೆಯ ಧೂಳು ಬಂದು ಅಂಟುತ್ತಿತ್ತು.

ಬಂದರು, ಬಿಳಿ ಬಟ್ಟೆಯ ನಾಲ್ವರು.
ಬೋರ್ಡು ಓದಿದರು, ತಲೆದೂಗಿದರು. "ಶಿಸ್ತು" ಅಂದರು.
ಇನ್ನೂರ ಹದಿನಾರು ಮೂಗುಗಳು ಬಿಗಿಹಿಡಿದು ಕೂತಿದ್ದವು.
ರಹಮತ್‌ಬಿ ಸೀನಿದಳು.
ಒಂಟಿ ಸೀನು, ಹಿಂದೆಯೇ ಬಾಯ್ತುಂಬ ಅಲ್‌ಹಮ್ದುಲಿಲ್ಲಾ.
ಯಾರೋ 'ನೂರು ವರ್ಷ ಬಾಳು' ಅಂದರು, ಅಭ್ಯಾಸಬಲ.
ಫಿಲೋಮಿನಾ ತಲೆಯೆತ್ತದೆ, ಬೀಜಗಳಿಗೆ ಹೇಳುವವಳಂತೆ,
"ಏನು ಸೆಖೆ!" ಅಂದಳು.
ಸಾಲಿಗೆ ಸಾಲೇ ನಗುವಿನಲ್ಲಿ ಒಡೆದುಹೋಯಿತು.
ಮಾರ್ಚಲ್ಲವೇ, ಸೆಖೆ ನಿಜಕ್ಕೂ ಇತ್ತು;
ಆ ಮಾತಿನಲ್ಲಿ ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ.
ಸೀನಿನಲ್ಲಿ ಆಯಿತು.

ಮಾರನೆಯ ದಿನ ೧೩೭ರ ಮೇಲೆ
ಕೆಂಪು ಗೀಟು ಎಳೆದದ್ದೂ ನಾನೇ.
ಸ್ಕೇಲು ಹಿಡಿದು ಎಳೆದೆ. ನೆಟ್ಟಗೆ ಬಂತು.

ಈಗ ಅಲ್ಲಿ ಯಂತ್ರ ಆರಿಸುತ್ತದೆ.
ಗಾಜಿನ ಕಣ್ಣು; ಕಪ್ಪು ಬೀಜ ಕಂಡರೆ
ಉಫ್ ಎಂದು ಗಾಳಿ ಊದಿ ಆಚೆ ಹಾರಿಸುತ್ತದೆ.
ಅದಕ್ಕೆ ಮೂಗಿಲ್ಲ.

ಪಕ್ಕದ ಮನೆಯ ಕುಮುದಿನಿ ಎಂ.ಎ. ಓದುತ್ತಾಳೆ.
"ಕೆಟ್ಟ ನಾಳೆಗಳ ಕಥೆಗಳು ಮೊದಲು ಎಲ್ಲಿ ಹುಟ್ಟಿದವು, ತಾತ?
ಅವರಿಗೆ ಮುಂದಾಗುವುದು ಹೇಗೆ ಗೊತ್ತಿತ್ತು?"
ರಷ್ಯಾ ಅಂತ ಬರಕೋ ಅಂದೆ. ಪರೀಕ್ಷೆಗೆ ಸಾಕು.

ಮುಂದಾಗುವುದು ಅವನಿಗೇನೂ ಗೊತ್ತಿರಲಿಲ್ಲ, ಮಗಳೇ.
ಮೂಗಿನ ತುದಿಯಲ್ಲಿ ಕಚಗುಳಿ ಕೂತಿದ್ದಾಗ
ತಾನು ಮಾತ್ರ ತಡೆದುಕೊಂಡು,
ರಿಜಿಸ್ಟರು ಮುಚ್ಚಿ ಮನೆಗೆ ಬಂದು,
ಆ ರಾತ್ರಿಯೇ ಬರೆಯಲು ಕೂತಿರಬೇಕು.

ನಾನು ಕೂತದ್ದು ಇವತ್ತು.